ಗೈರು ಬರೆಯದ ಮಾಷ್ಟ್ರು

ಇವತ್ತು ಬೆಳಿಗ್ಗೆ ಶಾಲೆಯಲ್ಲಿ ನನ್ನ ಮೊಮ್ಮಗಳ ಹೆಸರು ಕರೆದಾಗ ಉತ್ತರ ಬಂತು. ಒಂದಲ್ಲ, ಆರು ಉತ್ತರ ಒಟ್ಟಿಗೆ ಬಂತು! ನಾನು ಅಲ್ಲೇ ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದೆ. ಮನೆಗೆ ಬರುವಾಗ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ರಿಕ್ಷಾದವನಿಗೆ ಹೇಳಿದೆ, ದಿನಸಿ ಅಂಗಡಿಯವರಿಗೆ ಹೇಳಿದೆ, ದೇವಸ್ಥಾನದ ಎದುರು ಹೂ ಮಾರುವವಳಿಗೆ ಹೇಳಿದೆ. ಅವಳು, "ಎಂತ ಗಿರಿಜಕ್ಕ, ಮೊಮ್ಮಗಳಿಗೆ ಮದುವೆ ನಿಕ್ಕಿ ಆಯ್ತಾ?" ಎಂದು ಕೇಳಿದಳು.

"ಮದುವೆ ಅಲ್ಲ ಮಾರಾಯ್ತಿ, ಹಾಜರಿ!" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಆದರೂ ಒಂದು ಮೊಳ ಮಲ್ಲಿಗೆ ಜಾಸ್ತಿಯೇ ಕೊಟ್ಟಳು. ನನ್ನ ಮುಖ ನೋಡಿ ಕೊಟ್ಟಿರಬೇಕು.

ಅರ್ಥವಾಗಬೇಕಾದರೆ ನಮ್ಮ ಶಾಲೆಯ ಮಾಷ್ಟ್ರ ವಿಷಯ ಹೇಳಬೇಕು. ಅವರು ತೀರಿಕೊಂಡು ಬರುವ ಆಟಿ ತಿಂಗಳಿಗೆ, ಎಂದರೆ ಜುಲೈಗೆ, ಒಂದು ವರ್ಷ. ಅವರ ಹೆಸರನ್ನು ನಾನು ಒಮ್ಮೆಯೂ ಬಾಯಲ್ಲಿ ಕರೆದದ್ದಿಲ್ಲ, ಇಲ್ಲೂ ಬರೆಯುವುದಿಲ್ಲ. ಬೋಳಾರದ ಹೊಳೆ ಬದಿಯಲ್ಲಿ ಮಾಷ್ಟ್ರು ಎಂದರೆ ಅವರೊಬ್ಬರೇ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೆಯ ತರಗತಿ, ಅದೂ ಅರ್ಧ. ಮೀನು ಕಟ್ಟಿಕೊಡುವ ಪೇಪರುಗಳನ್ನು ಓದಿ ಓದಿಯೇ ಅಕ್ಷರ ಮರೆಯದೆ ಉಳಿದದ್ದು.

ನಮ್ಮದು ಸಣ್ಣ ಸರಕಾರಿ ಶಾಲೆ. ಏಳನೆಯ ತರಗತಿಯವರೆಗೆ ಉಂಟು. ಏಳರಲ್ಲಿ ಒಂದು ವರ್ಷ ಹದಿನಾಲ್ಕು ಮಕ್ಕಳಿದ್ದರೆ ಇನ್ನೊಂದು ವರ್ಷ ಹತ್ತು. ಏಳು ಮುಗಿಸಿ ಹೋದ ಮಕ್ಕಳನ್ನು ಬೇರೆ ಶಾಲೆಗಳು ಮರೆತುಬಿಡುತ್ತವೆ. ಮಾಷ್ಟ್ರು ಮರೆಯುತ್ತಿರಲಿಲ್ಲ. ಹೋದ ತರಗತಿಯ ಹಾಜರಿ ಪುಸ್ತಕವನ್ನು ಅವರು ಹತ್ತು ವರ್ಷ ಮುಚ್ಚುತ್ತಿರಲಿಲ್ಲ. ಜೂನಿನಲ್ಲಿ ಶಾಲೆ ಸುರುವಾದ ಮೊದಲ ಹತ್ತು ದಿನ, ಪ್ರಾರ್ಥನೆ ಆದ ಮೇಲೆ, ದಿನಕ್ಕೊಂದು ಹಳೆಯ ತರಗತಿಯ ಹೆಸರು ಕರೆಯುತ್ತಿದ್ದರು. ಮೊದಲ ದಿನ ಕಳೆದ ವರ್ಷ ಹೋದವರದು, ಎರಡನೆಯ ದಿನ ಅದರ ಹಿಂದಿನವರದು, ಹೀಗೆ. ಹಳೆಯ ಮಕ್ಕಳು ತಮ್ಮ ಸುದ್ದಿಯನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಬೇಕು. ಹೆಸರು ಕರೆದಾಗ ಈಗಿನ ಏಳನೆಯ ತರಗತಿಯ ಒಂದು ಮಗು ಎದ್ದು ನಿಂತು, "ಹಾಜರ್ ಸಾರ್" ಎಂದು ಹೇಳಿ ಆ ಕಾರ್ಡ್ ಓದಬೇಕು.

ಕಾರ್ಡಿನಲ್ಲಿ ಮೂರೇ ಪ್ರಶ್ನೆಗೆ ಉತ್ತರ. ಎಲ್ಲಿದ್ದೀ? ಎಂತ ಮಾಡ್ತಾ ಇದ್ದೀ? ಹೊಸತು ಎಂತ ನೋಡಿದಿ? ಮಾರ್ಕು ಬರೆಯಬಾರದು, ಸಂಬಳ ಬರೆಯಬಾರದು. ಸ್ವಂತ ಕೈಯಲ್ಲೇ ಬರೆಯಬೇಕು, ಅಂಚೆಯಲ್ಲೇ ಬರಬೇಕು. ಈಗಿನ ಕಾಲದಲ್ಲಿ ಇದೆಂಥ ಹಟ ಎಂದು ಮಕ್ಕಳೆಲ್ಲ ಸೇರಿ ವಾಟ್ಸಾಪ್ ಗ್ರೂಪ್ ಮಾಡಿ ಮಾಷ್ಟ್ರನ್ನೂ ಸೇರಿಸಿದರು. ಅವರು ಎಲ್ಲ ನೋಡುತ್ತಿದ್ದರು, ಹೂವಿನ ಚಿತ್ರ ಕಳಿಸುತ್ತಿದ್ದರು, ಆದರೆ ಕಾರ್ಡ್ ಬಿಡಲಿಲ್ಲ. "ಮೊಬೈಲಿನಲ್ಲಿ ಬಂದ ಸುದ್ದಿ ನನ್ನ ಕಿಸೆಯಲ್ಲೇ ಇರ್ತದೆ. ಕಾರ್ಡ್ ಆದ್ರೆ ಸಣ್ಣ ಮಕ್ಕಳ ಕೈಗೆ ಬರ್ತದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡ್ಬೇಕು," ಎನ್ನುತ್ತಿದ್ದರು.

ಯಾರದಾದರೂ ಕಾರ್ಡ್ ಬಾರದಿದ್ದರೆ? ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೆಸರು ಕರೆದು ಮಾಷ್ಟ್ರು ಸುಮ್ಮನೆ ನಿಲ್ಲುತ್ತಿದ್ದರು. ಮಕ್ಕಳೂ ಸುಮ್ಮನೆ. ಎದುರಿನ ಮಾವಿನ ಮರದಲ್ಲಿ ಕಾಗೆ ಕೂಗುವುದು ಕೇಳುತ್ತಿತ್ತು. ಮತ್ತೆ ಮುಂದಿನ ಹೆಸರು. ಪುಸ್ತಕದಲ್ಲಿ ಆ ಚೌಕ ಖಾಲಿ. ಹೊಸದಾಗಿ ಬಂದ ಟೀಚರೊಬ್ಬರು, "ಸಾರ್, ಗೈರು ಅಂತ ಬರೀಲಿಕ್ಕಿಲ್ವಾ?" ಎಂದು ಕೇಳಿದ್ದಕ್ಕೆ, "ಖಾಲಿ ಅಂದ್ರೆ ಗೈರು ಅಲ್ಲ ಟೀಚರ್, ಇನ್ನೂ ಬರ್ಲಿಲ್ಲ ಅಂತ," ಎಂದರಂತೆ. ಆ ಸಂಜೆಯೇ ಕೊಡೆ ಹಿಡಿದು ಆ ಮಗುವಿನ ಮನೆಗೆ ನಡೆದುಬಿಡುತ್ತಿದ್ದರು.

ಆ ಕೊಡೆ! ಮಳೆಗೂ ಬಿಸಿಲಿಗೂ ಅದೇ ಒಂದು ಕಪ್ಪು ಕೊಡೆ. ಬಿಡಿಸಿದ್ದಕ್ಕಿಂತ ಮಡಚಿ ಹಿಡಿದದ್ದೇ ಹೆಚ್ಚು. ಅದರ ತುದಿಯಿಂದ ನೆಲದಲ್ಲಿ ಲೆಕ್ಕ ಬರೆಯುತ್ತಿದ್ದರು, ಪುಂಡ ಮಕ್ಕಳ ಬೆನ್ನಿಗೆ ಮೆಲ್ಲ ತಿವಿಯುತ್ತಿದ್ದರು, ನನ್ನ ಮೀನು ಅಂಗಡಿಗೆ ಬಂದರೆ ತಕ್ಕಡಿಯ ಕೊಕ್ಕೆಗೆ ತೂಗುಹಾಕುತ್ತಿದ್ದರು. "ಮಾಷ್ಟ್ರೇ, ನಿಮ್ಮ ಕೊಡೆ ಇನ್ನೂರೈವತ್ತು ಗ್ರಾಮ್, ಕೊಡ್ಲಿಕ್ಕುಂಟಾ?" ಎಂದು ನಾನು ಕೇಳುವುದು, "ಮುಳ್ಳು ಜಾಸ್ತಿ ಗಿರಿಜಕ್ಕ, ಯಾರೂ ತೆಗೊಳ್ಳುವುದಿಲ್ಲ," ಎಂದು ಅವರು ಹೇಳುವುದು ನಡೆದೇ ಇತ್ತು.

ಹೌದು, ಮೀನು ಅಂಗಡಿಗೆ ಬರುತ್ತಿದ್ದರು. ಅವರದು ದೇವಸ್ಥಾನದ ಪೂಜೆಯ ಮನೆತನ. ಅಣ್ಣಂದಿರು ಪೂಜೆಗೆ ನಿಂತರು, ಇವರು ಶಾಲೆಗೆ ಬಂದರು. ಶಕ್ತಿನಗರದ ಮನೆಯಿಂದ ದಿನವೂ ಬಸ್ಸು ಹಿಡಿದು ಬರುವುದು. ಮೀನು ತಿನ್ನುವ ಮಾತೇ ಇಲ್ಲ. ಆದರೆ ಅವರ ಶಾಲೆಯ ಮುಕ್ಕಾಲು ಮಕ್ಕಳು ನಮ್ಮಂಥ ಮೀನುಗಾರರ ಮನೆಯವರು. "ಮಕ್ಕಳಿಗೆ ಗೊತ್ತಿದ್ದದ್ದು ಮಾಷ್ಟ್ರಿಗೆ ಗೊತ್ತಿಲ್ಲದಿದ್ರೆ ಹೇಗೆ?" ಎಂದು ಒಂದು ನೋಟು ಪುಸ್ತಕ ಇಟ್ಟುಕೊಂಡು, ಮಕ್ಕಳಿಂದ ಕೇಳಿ ಕೇಳಿ ಮೀನುಗಳ ಹೆಸರು ಬರೆದುಕೊಂಡರು. ಬಂಗುಡೆ, ಬೂತಾಯಿ, ಕಾಣೆ, ನಂಗ್, ಕೊಡ್ಡಾಯಿ, ಬೊಲೆಂಜಿರ್. ಯಾವುದು ಯಾವ ತಿಂಗಳು ಬರುತ್ತದೆ, ಯಾವುದಕ್ಕೆ ಮೊಟ್ಟೆ ಯಾವಾಗ. ಚಿತ್ರ ಬಿಡಿಸುವುದು ನನ್ನ ಮೊಮ್ಮಗಳು ದೀಕ್ಷಾಳ ಕೆಲಸ. ಆಗ ಅವಳು ಆರನೆಯ ತರಗತಿ. ಮಾರ್ಕೆಟ್ಟಿಗೆ ಬಂದು ನನ್ನ ಪಕ್ಕ ಕೂತು, ಮೀನಿನ ಮೇಲೆಯೇ ಪುಸ್ತಕ ಇಟ್ಟುಕೊಂಡು ಅಳತೆಗೆ ಸರಿಯಾಗಿ ಬಿಡಿಸುವವಳು. ಆ ಪುಸ್ತಕಕ್ಕೆ ಮಾಷ್ಟ್ರ ಮನೆಯೊಳಗೆ ಪ್ರವೇಶ ಇರಲಿಲ್ಲ. ಹೆಂಡತಿ ಅದನ್ನು ಹೊರಗಿನ ಕಿಟಕಿಯಲ್ಲಿ, ಚಪ್ಪಲಿಯ ಮೇಲ್ಗಡೆ ಇಡಿಸಿದ್ದರಂತೆ. "ವಾಸನೆಗೆ ಬೆಕ್ಕು ಬಂದು ಅದರ ಮೇಲೆಯೇ ಮಲಗ್ತದೆ," ಎಂದು ಮಾಷ್ಟ್ರೇ ಹೇಳಿ ನಗುತ್ತಿದ್ದರು.

ಅವರಿಗೆ ಇನ್ನೊಂದು ಅಭ್ಯಾಸ. ನಾವು ಏನಾದರೂ ಹೇಳಿ ನಿಲ್ಲಿಸಿದರೆ ಹೆಬ್ಬೆರಳನ್ನು ಕೆಳತುಟಿಗೆ ಒತ್ತಿಕೊಂಡು, "ಮತ್ತೆ?" ಎಂದು ಕೇಳುವುದು. ಅಷ್ಟೇ. ಆ ಒಂದು ಮಾತಿಗೆ ಎಂಥವರೂ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಬೇಕು. ಇಲ್ಲದಿದ್ದರೆ ನನ್ನ ಹಾಗೆ ಸುಳ್ಳು ಹೇಳಬೇಕು. ಆ ಸುಳ್ಳಿನ ಕತೆಗೆ ಬರುತ್ತೇನೆ.

ದೀಕ್ಷಾ ಏಳು ಮುಗಿಸಿ ಹೋದ ಮೊದಲ ನಾಲ್ಕು ವರ್ಷ ಅವಳ ಕಾರ್ಡ್ ತಪ್ಪಲಿಲ್ಲ. ಐದನೆಯ ವರ್ಷ ಸೆಕೆಂಡ್ ಪಿಯುಸಿಯಲ್ಲಿ ಎರಡು ವಿಷಯ ಹೋಯಿತು. ರಿಸಲ್ಟ್ ಬಂದ ದಿನ ಅವಳು ಅಳಲಿಲ್ಲ. ಮರುದಿನ ಬೆಳಿಗ್ಗೆ ನನಗಿಂತ ಮೊದಲು ಎದ್ದು, ಅಂಗಡಿಯ ಕತ್ತಿ ಮಸೆದು, "ಅಜ್ಜಿ, ನಿಮ್ಮ ಕೈ ನೋಯ್ತದೆ ಅಂತ ಹೇಳ್ತಿದ್ರಲ್ವಾ, ಇನ್ನು ಕಟ್ಟಿಂಗ್ ನಾನು ಮಾಡ್ತೇನೆ," ಎಂದಳು. ಅವಳ ಜೊತೆಯವರೆಲ್ಲ ಆಗ ಗ್ರೂಪಿನಲ್ಲಿ ಕಾಲೇಜು ಸೇರಿದ ಸುದ್ದಿ ಹಾಕುತ್ತಿದ್ದರು. ಒಬ್ಬಳು ಲೆಕ್ಕಪರಿಶೋಧಕರ ಪರೀಕ್ಷೆಗೆ ಕೂರುತ್ತಾಳಂತೆ, ಒಬ್ಬ ಹಡಗಿನ ಕೆಲಸದ ತರಬೇತಿಗೆ ಹೋದನಂತೆ. ಅವಳು ಅದನ್ನು ನೋಡಿ ಮೊಬೈಲನ್ನು ಮಗುಚಿ ಇಟ್ಟು ಮೀನಿನ ರೆಕ್ಕೆ ಕತ್ತರಿಸುತ್ತಿದ್ದಳು. ಕೆಲಸದಲ್ಲಿ ತಪ್ಪಿಲ್ಲ, ನಾನು ಅದರಲ್ಲೇ ಎರಡು ಮಕ್ಕಳನ್ನು ಸಾಕಿದ್ದೇನೆ. ಆದರೆ ಅವಳು ಮಾತು ಕಡಿಮೆ ಮಾಡಿದ್ದು ನನಗೆ ತಡೆಯಲಿಕ್ಕೆ ಆಗುತ್ತಿರಲಿಲ್ಲ.

ಆ ಜೂನಿನಲ್ಲಿ ಒಂದು ಸಂಜೆ ಮಾಷ್ಟ್ರು ಮನೆಗೆ ಬಂದರು. ದೀಕ್ಷಾ ಐಸ್ ತರಲು ಹೋಗಿದ್ದಳು. ಮಾಷ್ಟ್ರು ಜಗಲಿಯಲ್ಲಿ ಕೂತು, "ಚಾ ಮಾಡಿ ಗಿರಿಜಕ್ಕ, ಸಕ್ಕರೆ ಕಡಿಮೆ," ಎಂದರು. ಪೂಜೆಯವರ ಮನೆಯವರು ನಮ್ಮಲ್ಲಿ ಹೀಗೆ ಕೇಳಿ ಚಾ ಕುಡಿಯುವುದು ನನ್ನ ಅತ್ತೆಯ ಕಾಲದಲ್ಲಿ ಆಗಿದ್ದರೆ ಅವರು ಮೂರ್ಛೆ ಹೋಗುತ್ತಿದ್ದರು.

"ದೀಕ್ಷಾಳ ಕಾರ್ಡ್ ಬರ್ಲಿಲ್ಲ. ನಾಳೆ ಅವಳ ತರಗತಿಯ ಸರದಿ. ಎಂತ ಮಾಡ್ತಾ ಇದ್ದಾಳೆ?"

ನಾನು ಅತ್ತಾವರದಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವಳು. ಆಸ್ಪತ್ರೆಯ ಹತ್ತಿರದ ರಸ್ತೆಗಳಲ್ಲಿ ಬಿಳಿ ಕೋಟಿನ ಹುಡುಗಿಯರು ಗುಂಪಾಗಿ ನಗುತ್ತಾ ಹೋಗುವುದನ್ನು ಎಷ್ಟೋ ವರ್ಷ ನೋಡಿದ್ದೇನೆ. ಬಾಯಿಗೆ ಅದೇ ಬಂತು.

"ನರ್ಸ್ ಕಲೀಲಿಕ್ಕೆ ಸೇರಿದ್ದಾಳೆ ಮಾಷ್ಟ್ರೇ. ಅತ್ತಾವರದಲ್ಲಿ."

ಹೆಬ್ಬೆರಳು ತುಟಿಗೆ ಹೋಯಿತು. "ಮತ್ತೆ?"

"ಹಾಸ್ಟೆಲ್ ಉಂಟು. ಬಿಳಿ ಕೋಟು ಕೊಟ್ಟಿದ್ದಾರೆ."

"ಮತ್ತೆ? ಹೊಸತು ಎಂತ ನೋಡಿದ್ಲಂತೆ?"

"ಹೆರಿಗೆ ನೋಡಿದ್ಲಂತೆ," ಎಂದುಬಿಟ್ಟೆ. "ಅವಳಿಗೆ ಬರೀಲಿಕ್ಕೆ ಪುರುಸೊತ್ತಿಲ್ಲ. ನೀವೇ ಬರ್ಕೊಳ್ಳಿ."

ಸ್ವಂತ ಕೈಯಲ್ಲೇ ಬರೆಯಬೇಕೆಂಬ ತಮ್ಮ ನಿಯಮವನ್ನು ಮಾಷ್ಟ್ರು ಮುರಿದದ್ದು ಅದೊಂದು ಸಲ. ಅವರಿಗೆ ಅಷ್ಟು ಸಂತೋಷವಾಗಿತ್ತು. ಚೀಲದಿಂದ ಒಂದು ಕಾರ್ಡ್ ತೆಗೆದು ಅಲ್ಲೇ ತೊಡೆಯ ಮೇಲಿಟ್ಟು ಬರೆದರು. ನನ್ನ ಮಗ ಉಮೇಶ, ದೀಕ್ಷಾಳ ಅಪ್ಪ, ಒಳಗಿದ್ದ. ಜೂನು ಜುಲೈಯಲ್ಲಿ ಸಮುದ್ರಕ್ಕೆ ಹೋಗಲಿಕ್ಕಿಲ್ಲ, ಬೋಟುಗಳೆಲ್ಲ ಬಂದರಿನ ಧಕ್ಕೆಯಲ್ಲಿ ಕಟ್ಟಿರುತ್ತವೆ, ಮಾರ್ಕೆಟ್ಟಿಗೆ ಬರುವುದು ಹೊರಗಿನ ಐಸಿನ ಮೀನು ಮಾತ್ರ. ಹಾಗಾಗಿ ಮನೆಯಲ್ಲೇ ಕೂತಿದ್ದವನು ಎಲ್ಲ ಕೇಳಿಸಿಕೊಂಡ. ಮಾಷ್ಟ್ರು ಹೋದ ಮೇಲೆ ಹೊರಗೆ ಬಂದು, "ಅಮ್ಮಾ, ಎಂತ ಮಾಡಿದಿರಿ ನೀವು?" ಎಂದ. "ಸುಮ್ಮನಿರು, ಒಂದು ಕಾರ್ಡಿನಿಂದ ಸಮುದ್ರ ಮಗುಚಿ ಬೀಳುವುದಿಲ್ಲ," ಎಂದೆ.

ಮಗುಚಿಯೇ ಬಿತ್ತು. ಮರುದಿನ ಆ ಕಾರ್ಡ್ ಓದಲು ಸಿಕ್ಕಿದ್ದು ನಮ್ಮ ಆಚೆ ಮನೆಯ ಹುಡುಗಿಗೆ. "ಹಾಜರ್ ಸಾರ್" ಎಂದು ಗಟ್ಟಿಯಾಗಿ ಸುರುಮಾಡಿದವಳು ಎರಡನೆಯ ಸಾಲಿಗೆ ನಿಲ್ಲಿಸಿದಳಂತೆ. "ಸಾರ್, ಇದು ಬೇರೆ ದೀಕ್ಷಕ್ಕನಾ? ನಮ್ಮ ದೀಕ್ಷಕ್ಕ ನಿನ್ನೆ ಸಂಜೆ ನಮಗೆ ಕಾಣೆ ಮೀನು ಕಟ್ ಮಾಡಿ ಕೊಟ್ಟಿದ್ದಾರೆ."

ಇಡೀ ಶಾಲೆ ನಕ್ಕಿತಂತೆ. ಮಧ್ಯಾಹ್ನಕ್ಕೆ ಸುದ್ದಿ ಮಾರ್ಕೆಟ್ಟಿಗೆ ಬಂತು. ಪಕ್ಕದ ಅಂಗಡಿಯವಳು, "ಓ ಸಿಸ್ಟರ್, ಈ ಬಂಗುಡೆಗೆ ಜ್ವರ ಉಂಟಾ ನೋಡಿ," ಎಂದು ದೀಕ್ಷಾಳಿಗೆ ತಮಾಷೆ ಮಾಡಿದಳು. ದೀಕ್ಷಾ ನನ್ನ ಮುಖ ನೋಡಿದಳು. ನಾನು ಐಸಿನ ಕಡೆಗೆ ತಿರುಗಿದೆ. ಅವಳಿಗೆ ಅಷ್ಟು ಸಾಕಾಯಿತು.

ಹನ್ನೊಂದು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಏನಾದರೂ ಹೇಳಬೇಕಿದ್ದರೆ ತಕ್ಕಡಿಗೆ ಹೇಳುತ್ತಿದ್ದಳು. "ಅರ್ಧ ಕೆಜಿ ಕಟ್ಟಿ ಕೊಡಬೇಕಂತೆ," ಎಂದು ತಕ್ಕಡಿಗೆ. ಫೇಲಾದದ್ದಕ್ಕೆ ಅಲ್ಲ, ನಾನು ಅವಳನ್ನು ಅಡಗಿಸಿಟ್ಟೆ ಎಂದು ಅವಳ ಸಿಟ್ಟು. ಅದನ್ನು ಆಮೇಲೆ ಹೇಳಿದಳು. "ಮೀನು ಮಾರುವುದು ಮರ್ಯಾದೆಯ ಕೆಲಸ ಅಂತ ನಂಗೆ ಹೇಳಿಕೊಟ್ಟದ್ದು ನೀವು. ನಾನು ಮಾಡುವಾಗ ನಿಮಗೇ ಮರ್ಯಾದೆ ಹೋಯ್ತಾ?"

ಮಾಷ್ಟ್ರು ಎರಡನೆಯ ದಿನವೇ ಮಾರ್ಕೆಟ್ಟಿಗೆ ಬಂದರು. ಈ ಸಲ ಕೊಡೆಯನ್ನು ಕೊಕ್ಕೆಗೆ ಹಾಕಲಿಲ್ಲ, ಕಂಕುಳಲ್ಲೇ ಇಟ್ಟುಕೊಂಡಿದ್ದರು. ನಾನು ನೆಲ ನೋಡಿದೆ. ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ದೀಕ್ಷಾಳ ಎದುರು ನಿಂತು, "ನಾನು ನಿನ್ನ ಹೆಸರಿನಲ್ಲಿ ಸುಳ್ಳು ಓದಿಸಿದೆ ಮಗಾ. ನಿನ್ನನ್ನೇ ಕೇಳ್ಬೇಕಿತ್ತು. ತಪ್ಪು ನನ್ನದು," ಎಂದರು.

"ನೀವೆಂತ ಸಾರ್," ಎಂದು ಅವಳು ಕತ್ತಿ ಕೆಳಗಿಟ್ಟಳು.

"ಪುಸ್ತಕದಲ್ಲಿ ಹಾಜರ್ ಹಾಕಿಯಾಗಿತ್ತು. ಬ್ಲೇಡಿನಲ್ಲಿ ಕೆರೆದು ತೆಗ್ದೆ. ಈಗ ಖಾಲಿ ಉಂಟು." ಚೀಲದಿಂದ ಹೊಸ ಕಾರ್ಡ್ ತೆಗೆದರು. ವಿಳಾಸದ ಬದಿಯಲ್ಲಿ ಶಾಲೆಯ ವಿಳಾಸ ಅವರೇ ಬರೆದಿದ್ದರು, ಉರುಟು ಉರುಟಾದ ಗುಂಡು ಅಕ್ಷರದಲ್ಲಿ. "ಬರೆಯುವಾಗ ಬರೆ."

"ಇದನ್ನೆಂತ ಬರೆಯುವುದು ಸಾರ್? ಮೀನು ಕಟ್ ಮಾಡ್ತಿದ್ದೇನೆ ಅಂತಲಾ?"

"ಎಲ್ಲಿದ್ದೀ, ಎಂತ ಮಾಡ್ತಾ ಇದ್ದೀ. ಅದಕ್ಕಿಂತ ಜಾಸ್ತಿ ನಾನು ಯಾವಾಗ ಕೇಳಿದ್ದೇನೆ? ಹೊಸತು ಎಂತ ನೋಡಿದಿ, ಅದನ್ನು ಈಗ್ಲೇ ಹೇಳು, ನಂಗೆ ಕುತೂಹಲ."

ಅವಳು ಕೈ ಒರೆಸಿಕೊಂಡಳು. ಮತ್ತೆ, ಮೊನ್ನೆ ಒಂದು ಕೊಡ್ಡಾಯಿಯ ಹೊಟ್ಟೆಯೊಳಗೆ ಬಲೆಯ ನೈಲಾನ್ ನೂಲು ಸಿಕ್ಕಿದ್ದನ್ನು ಹೇಳಿದಳು. "ಮತ್ತೆ?" ಎಂದರು ಮಾಷ್ಟ್ರು. ಐಸ್ ಸರಿಯಾಗಿ ಹಾಕದ ಮೀನಿನ ಕಿವಿರು ಯಾವ ಹೊತ್ತಿಗೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಹೇಳಿದಳು. "ಮತ್ತೆ?" ಅವಳು ಕಿವಿರು ಬಿಡಿಸಿ ತೋರಿಸಿದಳು. ಆ ಸಸ್ಯಾಹಾರಿ ಮನುಷ್ಯ ಬಗ್ಗಿ, ಮೂಗು ಮುಚ್ಚದೆ ನೋಡಿದರು. ಗಿರಾಕಿಗಳು ಕಾಯುತ್ತಿದ್ದರು. ನನಗೆ ಅವರನ್ನು ಗದರಿಸಿ ಕಳಿಸುವ ಮನಸ್ಸಾಗಲಿಲ್ಲ. ಎಷ್ಟೋ ದಿನಗಳ ನಂತರ ಅವಳು ಒಂದೇ ಸಮನೆ ಅಷ್ಟು ಮಾತಾಡಿದ್ದಳು.

ಕಾರ್ಡ್ ಮಾತ್ರ ಅವಳು ಬರೆಯಲಿಲ್ಲ. ಟ್ರಂಕಿನಲ್ಲಿ ಇಟ್ಟಳು.

ಮುಂದಿನ ಜೂನಿನಲ್ಲಿ ಹೆಸರು ಕರೆದರು, ಕಾದರು, ಖಾಲಿ ಬಿಟ್ಟರು. ಸಂಜೆ ಮಾರ್ಕೆಟ್ಟಿಗೆ ಬಂದು ಇನ್ನೊಂದು ಕಾರ್ಡ್ ಕೊಟ್ಟರು. ಅದರ ಮುಂದಿನ ಜೂನಿನಲ್ಲೂ ಅಷ್ಟೇ. ಒಂದು ಸಲವೂ "ಯಾಕೆ ಬರೀಲಿಲ್ಲ?" ಎಂದು ಕೇಳಲಿಲ್ಲ. ಬಂದಾಗ ಉಳಿದ ಮಕ್ಕಳ ಸುದ್ದಿ ಹೇಳುತ್ತಿದ್ದರು, ಅದೂ ಕಾರ್ಡಿನಲ್ಲಿದ್ದಷ್ಟೇ. ಹಡಗಿನವನು ಸಿಂಗಾಪುರದ ಆಚೆಯಿಂದ ಬರೆದನಂತೆ: "ಇಲ್ಲಿಯೂ ಬಂಗುಡೆ ಉಂಟು ಸಾರ್, ಆದರೆ ಮನೆಯ ರುಚಿ ಇಲ್ಲ. ಹೊಸತಾಗಿ ನೋಡಿದ್ದು, ಮೂರು ದಿನ ನೆಲವೇ ಕಾಣದ್ದು." ಒಬ್ಬ ಬೈಕಿನಲ್ಲಿ ಲಡಾಕಿಗೆ ಹೋಗಿ, "ಉಸಿರು ಸಿಕ್ಕುವುದು ಕಷ್ಟ, ನಕ್ಷತ್ರ ಸಿಕ್ಕುವುದು ಸುಲಭ," ಎಂದು ಬರೆದಿದ್ದನಂತೆ. ಮಾಷ್ಟ್ರು ಜೀವಮಾನದಲ್ಲಿ ಧರ್ಮಸ್ಥಳ, ಮೈಸೂರು ಬಿಟ್ಟು ಹೋದವರಲ್ಲ. "ನಾನು ಎಲ್ಲ ಕಡೆ ಹೋಗಿ ಬಂದೆ ಗಿರಿಜಕ್ಕ, ಐವತ್ತು ಪೈಸೆಯ ಕಾರ್ಡಿನಲ್ಲಿ," ಎನ್ನುತ್ತಿದ್ದರು. ಅವರಿಗೆ ಲಡಾಕಿನ ಸುದ್ದಿಗೂ ಕೊಡ್ಡಾಯಿಯ ಹೊಟ್ಟೆಯ ಸುದ್ದಿಗೂ ಒಂದೇ ಮುಖ, ಒಂದೇ ಹೆಬ್ಬೆರಳು. ಅದನ್ನು ದೀಕ್ಷಾ ಗಮನಿಸಿದ್ದಳು. ನಾನೂ.

ನನ್ನದೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಒಮ್ಮೆ ಶಾಲೆಯ ಕಪಾಟು ಖಾಲಿ ಮಾಡುವಾಗ ಮಾಷ್ಟ್ರಿಗೆ ಬಹಳ ಹಳೆಯ ಪುಸ್ತಕಗಳು ಸಿಕ್ಕಿದವಂತೆ. ಮಾರ್ಕೆಟ್ಟಿಗೆ ಬಂದವರು, "ಗಿರಿಜಕ್ಕ, ನೀವು ನಮ್ಮ ಶಾಲೆಯವರಲ್ವಾ? ಮೂರನೆಯ ತರಗತಿಯಲ್ಲಿ ನಿಮ್ಮ ಹೆಸರುಂಟು. ಅರ್ಧ ವರ್ಷ ಹಾಜರ್. ಮತ್ತೆ ಸಾಲಾಗಿ ಗೈರು. ಮತ್ತೆ ಹೆಸರಿನ ಮೇಲೆ ಕೆಂಪು ಗೆರೆ," ಎಂದರು.

"ಆಗ ಅಮ್ಮ ಬುಟ್ಟಿ ಹೊರಿಸಿದ್ರು ಮಾಷ್ಟ್ರೇ. ಇನ್ನು ಆ ಗೆರೆ ಅಳಿಸಿ ಎಂತಕ್ಕೆ?" ಎಂದು ನಕ್ಕೆ.

ಅವರು ನಗಲಿಲ್ಲ. "ನಿಮ್ಮದೂ ಒಂದು ಕಾರ್ಡ್ ಬರ್ಲಿ," ಎಂದರು. ನಾನು ಅದನ್ನು ತಮಾಷೆ ಎಂದೇ ತಿಳಿದಿದ್ದೆ.

ಮೂರನೆಯ ವರ್ಷ ದೀಕ್ಷಾ ಆ ಎರಡು ವಿಷಯ ಕಟ್ಟಿ ಪಾಸಾದಳು. ಯಾರೂ ಹೇಳಿರಲಿಲ್ಲ, ಅವಳೇ ಮಾಡಿದಳು. ಮೀನು ಕೆಡದ ಹಾಗೆ ಇಡುವುದು, ಪರೀಕ್ಷೆ ಮಾಡುವುದು, ಇದಕ್ಕೆಲ್ಲ ಒಂದು ಡಿಪ್ಲೊಮಾ ಉಂಟಂತೆ, ಅದಕ್ಕೆ ಸೇರಿದಳು. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಎರಡು ಗಂಟೆ ಕೂತು, ಕೈ ತೊಳೆದು ಕಾಲೇಜಿಗೆ ಬಸ್ಸು ಹತ್ತುತ್ತಿದ್ದಳು. ನನ್ನ ಸೊಸೆ ಶಶಿ ಬ್ಯಾಗಿನಲ್ಲಿ ನಿಂಬೆ ಸಿಪ್ಪೆ ಹಾಕಿ ಕೊಡುವಳು, ಕೈಗೆ ಉಜ್ಜಿಕೊಳ್ಳಲು. ಮಾಷ್ಟ್ರಿಗೆ ಅಷ್ಟರಲ್ಲಿ ರಿಟೈರ್ ಆಗಿತ್ತು. ಆದರೂ ಜೂನಿನ ಆ ಹತ್ತು ದಿನ ಶಾಲೆಗೆ ಬಂದು ಹೆಸರು ಕರೆಯುತ್ತಿದ್ದರು. ಕಳೆದ ಜೂನಿನಲ್ಲಿ ಮಾರ್ಕೆಟ್ಟಿಗೆ ಬಂದಾಗ ಅವರು ಬಹಳ ಸೊರಗಿದ್ದರು. ಕೊಡೆ ಊರಿಕೊಂಡು ನಡೆಯುತ್ತಿದ್ದರು. ಐದನೆಯ ಕಾರ್ಡ್ ಕೊಟ್ಟರು.

"ಓದ್ತಾ ಇದ್ದೇನೆ ಅಂತ ಬರಿ ಮಗಾ. ಅಷ್ಟಾದ್ರೂ ಸಾಕು."

"ಪಾಸಾಗ್ಲಿ ಸಾರ್. ಕೆಲಸ ಸಿಗ್ಲಿ. ಖಂಡಿತ ಬರೀತೇನೆ."

"ಬರುವ ವರ್ಷ ನಿಮ್ಮ ತರಗತಿಗೆ ಹತ್ತು ಆಯ್ತು. ಪುಸ್ತಕ ಮುಚ್ಚುವುದು," ಎಂದರು. ಅಷ್ಟು ಮಾತ್ರ. ಒತ್ತಾಯ ಮಾಡಲಿಲ್ಲ. ಅವರು ಹೋಗುವಾಗ ದೀಕ್ಷಾ ಕೊಡೆ ಬಿಡಿಸಿ ಕೈಗೆ ಕೊಟ್ಟು, ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಿ ಬಂದಳು.

ಆಟಿಯಲ್ಲಿ ಸುದ್ದಿ ಬಂತು. ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ನಾನು, ಉಮೇಶ, ದೀಕ್ಷಾ ಶಕ್ತಿನಗರಕ್ಕೆ ಹೋಗಿ ನೋಡಿಕೊಂಡು ಬಂದೆವು. ಹೊರಗಿನ ಕಿಟಕಿಯಲ್ಲಿ ಆ ಮೀನಿನ ಪುಸ್ತಕ ಹಾಗೆಯೇ ಇತ್ತು. ಬೆಕ್ಕೂ ಇತ್ತು.

ಬರುವಾಗ ಬಸ್ಸಿನಲ್ಲಿ ದೀಕ್ಷಾಳ ಮೊಬೈಲು ಒಂದೇ ಸಮನೆ ಸದ್ದು ಮಾಡುತ್ತಿತ್ತು. ಗ್ರೂಪಿನಲ್ಲಿ ಅವಳ ತರಗತಿಯ ಮಕ್ಕಳು ಬರೆಯುತ್ತಿದ್ದರು. ಅವಳು ಒಂದೊಂದನ್ನೇ ನನಗೆ ಓದಿ ಹೇಳಿದಳು. ಯಾರೂ ದೊಡ್ಡ ದೊಡ್ಡ ಮಾತು ಬರೆದಿರಲಿಲ್ಲ. "ಹಾಜರ್ ಸಾರ್, ಮಸ್ಕತ್." "ಹಾಜರ್ ಸಾರ್, ಮೂಡಬಿದ್ರೆ." "ಹಾಜರ್ ಸಾರ್, ಹಡಗಿನಲ್ಲಿ, ನೆಲ ಕಾಣುತ್ತಿಲ್ಲ." ಹದಿಮೂರು ಹಾಜರಿ ಬಂತು. ಹದಿನಾಲ್ಕನೆಯವಳು ನನ್ನ ಪಕ್ಕದಲ್ಲಿ ಮೊಬೈಲು ಹಿಡಿದು ಕೂತಿದ್ದಳು. ಬೆರಳು ಅಕ್ಷರದ ಮೇಲೆ ಇತ್ತು, ಒತ್ತಲಿಲ್ಲ. "ಇದರಲ್ಲಿ ಅಲ್ಲ ಅಜ್ಜಿ," ಎಂದಳು.

ಅವಳಿಗೆ ಕೆಲಸ ಸಿಕ್ಕಿ ಈಗ ನಾಲ್ಕು ತಿಂಗಳು. ಮೀನು ಹೊರದೇಶಕ್ಕೆ ಕಳಿಸುವ ಒಂದು ಕಂಪೆನಿಯ ಲ್ಯಾಬಿನಲ್ಲಿ. ಮೀನು ಒಳ್ಳೆಯದುಂಟಾ ಇಲ್ಲವಾ ಎಂದು ನೋಡಿ ಸಹಿ ಹಾಕುವುದು ಇವಳು. ತರಬೇತಿಗೆ ಕೊಚ್ಚಿಗೂ ಹೋಗಿ ಬಂದಳು, ಒಬ್ಬಳೇ, ರೈಲಿನಲ್ಲಿ. ಕೊನೆಗೂ ಅವಳಿಗೆ ಬಿಳಿ ಕೋಟು ಸಿಕ್ಕಿತು ನೋಡಿ! ಆಗ ನಾನು ಮಾರ್ಕೆಟ್ಟಿನಲ್ಲಿ ಲಡ್ಡು ಹಂಚಿದ್ದೆ. ಇವತ್ತಿನ ಸಂತೋಷ ಅದಕ್ಕಿಂತ ದೊಡ್ಡದು.

ಮೇ ತಿಂಗಳ ಕೊನೆಗೆ ಒಂದು ಸಂಜೆ ಅವಳು ಟ್ರಂಕಿನಿಂದ ಆ ಐದು ಕಾರ್ಡುಗಳನ್ನು ತೆಗೆದಳು. ಪೋಸ್ಟಾಫೀಸಿನಿಂದ ಹೊಸತೊಂದು ತಂದಿದ್ದಳು, ಈ ವರ್ಷಕ್ಕೆ. ಅದಕ್ಕೆ ವಿಳಾಸ ಅವಳೇ ಬರೆದಳು. ಮೊದಲನೆಯ ಕಾರ್ಡನ್ನು ಎದುರಿಟ್ಟುಕೊಂಡು ಬಹಳ ಹೊತ್ತು ಕೂತಿದ್ದು, "ಅಜ್ಜಿ, ಫೇಲಾದ ವರ್ಷದ್ದು ಬರೀಬೇಕಾದ್ರೆ ನಿಮ್ಮ ಸುಳ್ಳನ್ನೂ ಬರೀಬೇಕಾಗ್ತದೆ. ಬರೀಲಾ? ಇಡೀ ಶಾಲೆ ಕೇಳ್ತದೆ," ಎಂದಳು.

ಆ ಆಚೆ ಮನೆಯವರು, ಮಾರ್ಕೆಟ್ಟಿನವರ ಮಕ್ಕಳು, ಎಲ್ಲ ಅದೇ ಶಾಲೆ. ಆದರೆ ಮಾಷ್ಟ್ರು ಇವಳ ಎದುರು ನಿಂತು, ನನ್ನ ತಪ್ಪನ್ನು ತನ್ನದು ಎಂದು ಹೇಳಿದ್ದು ನೆನಪಾಯಿತು. ಆವತ್ತು ನಾನು ಬಾಯಿಬಿಟ್ಟಿರಲಿಲ್ಲ.

"ಬರಿ. ಓದುವಾಗ ನಾನೂ ಅಲ್ಲೇ ನಿಲ್ತೇನೆ," ಎಂದೆ.

ಆರು ಕಾರ್ಡುಗಳನ್ನೂ ಅವಳು ಡಬ್ಬಿಗೆ ಹಾಕಿ ಬಂದಳು. ಅಲ್ಲಿಂದ ಶಾಲೆಗೆ ನಡೆದರೆ ಐದು ನಿಮಿಷ. ಆದರೂ ಅಂಚೆಯಲ್ಲೇ ಹೋಗಬೇಕಲ್ಲ. ನಾನು ಪೋಸ್ಟ್‌ಮ್ಯಾನನ್ನು ನಾಲ್ಕು ದಿನ ವಿಚಾರಿಸಿದೆ. ಐದನೆಯ ದಿನ ಅವನು ನನ್ನನ್ನು ಕಂಡು ಸೈಕಲ್ ತಿರುಗಿಸಿದ.

ಇವತ್ತು ಹತ್ತನೆಯ ದಿನ. ಆವತ್ತು ಗೈರು ಬರೆಯಲಿಕ್ಕಿಲ್ಲವಾ ಎಂದು ಕೇಳಿದ್ದ ಟೀಚರೇ ಈಗ ಹೆಡ್‌ ಟೀಚರ್. ಅವರೇ ಹೆಸರು ಕರೆದರು. ಉಳಿದ ಹದಿಮೂರು ಆಯಿತು. "ದೀಕ್ಷಾ" ಎಂದರು. ಎರಡು ಜಡೆಯ ಸಣ್ಣದೊಂದು ಹುಡುಗಿ ಎದ್ದಳು, ಕೈಯಲ್ಲಿ ಆರು ಕಾರ್ಡು. "ಹಾಜರ್ ಟೀಚರ್," ಎಂದು ಮೊದಲನೆಯದನ್ನು ಓದಿದಳು.

"ಐದನೆಯ ವರ್ಷ. ಎಲ್ಲಿದ್ದೆ: ಮೀನು ಮಾರ್ಕೆಟ್ಟಿನಲ್ಲಿ. ಏನು ಮಾಡುತ್ತಿದ್ದೆ: ಎರಡು ವಿಷಯದಲ್ಲಿ ಫೇಲಾಗಿ ಅಜ್ಜಿಯ ಜೊತೆ ಮೀನು ಕತ್ತರಿಸುತ್ತಿದ್ದೆ. ಹೊಸತು ಏನು ನೋಡಿದೆ: ಎಂದೂ ತೂಕದಲ್ಲಿ ಸುಳ್ಳು ಹೇಳದ ನನ್ನ ಅಜ್ಜಿ, ನನಗಾಗಿ ಒಂದು ಸುಳ್ಳು ಹೇಳಿದ್ದನ್ನು ನೋಡಿದೆ. ಅವರಿಗೆ ನನ್ನ ಮೇಲೆ ಅಷ್ಟು ಆಸೆ ಇತ್ತು ಎಂದು ಅದಕ್ಕೆ ಮೊದಲು ನನಗೆ ಗೊತ್ತಿರಲಿಲ್ಲ."

ಯಾರೂ ನಗಲಿಲ್ಲ. ಕಂಬ ನನ್ನನ್ನು ಹಿಡಿದಿತ್ತೋ, ನಾನು ಕಂಬವನ್ನೋ, ಹೇಳಲಾರೆ. ಆ ಹುಡುಗಿ ಓದುತ್ತಾ ಹೋದಳು. ಆರನೆಯ ವರ್ಷ ಕಿವಿರಿನ ಬಣ್ಣ, ಏಳನೆಯ ವರ್ಷ ಪಾಸಾದದ್ದು, ಎಂಟನೆಯ ವರ್ಷ ಮೈಕ್ರೋಸ್ಕೋಪು, ಒಂಬತ್ತನೆಯ ವರ್ಷ ಮಾಷ್ಟ್ರ ಕೊಡೆ ಬಿಡಿಸಿಕೊಟ್ಟದ್ದು, ಈ ವರ್ಷ ಬಿಳಿ ಕೋಟು ಮತ್ತು ಕೊಚ್ಚಿ. ಓದಿ ಮುಗಿದ ಮೇಲೆ ಕಾರ್ಡುಗಳನ್ನು ಮಕ್ಕಳ ಕೈಗೆ ಕೊಟ್ಟರು. ಅವರು ತಿರುಗಿಸಿ ಮುರುಗಿಸಿ ನೋಡಿದರು. ಒಂದು ಬದಿಯಲ್ಲಿ ಮಾಷ್ಟ್ರ ಉರುಟು ಅಕ್ಷರ, ಇನ್ನೊಂದು ಬದಿಯಲ್ಲಿ ದೀಕ್ಷಾಳದ್ದು.

ಹೆಡ್‌ ಟೀಚರ್ ನನ್ನನ್ನೂ ಕರೆದು ಪುಸ್ತಕ ತೋರಿಸಿದರು. ಖಾಲಿ ಚೌಕಗಳಲ್ಲಿ ಒಂದೊಂದಾಗಿ ಹಾಜರ್ ಹಾಕಿದರು. ಬ್ಲೇಡಿನಿಂದ ಕೆರೆದ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು, ಶಾಯಿ ಸ್ವಲ್ಪ ಹಬ್ಬಿತು. ಉಳಿದವುಗಳಿಗಿಂತ ಅದೇ ದೊಡ್ಡದಾಗಿ ಕಂಡಿತು. ಮತ್ತೆ ಪುಸ್ತಕ ಮುಚ್ಚಿ ಕಪಾಟಿಗೆ ಇಟ್ಟರು. ಒಂದು ಚೌಕವೂ ಖಾಲಿ ಇಲ್ಲದ ತರಗತಿಯನ್ನು ಅವರು ಇದೇ ಮೊದಲು ಮುಚ್ಚಿದ್ದಂತೆ.

ಸಂಜೆ ಮನೆಯಲ್ಲಿ ಕೋರಿ ರೊಟ್ಟಿ. ಬೋಟು ಹೋಗದ ತಿಂಗಳಲ್ಲಿ ಮೀನುಗಾರರ ಮನೆಗೂ ಕೋಳಿಯೇ ಗತಿ ಎಂದು ಉಮೇಶ ತಮಾಷೆ ಮಾಡಿದ. ಬೋಟು ಹೋಗದ ಕಾರಣವೇ ಎಲ್ಲರೂ ಮನೆಯಲ್ಲಿದ್ದರು. ಉಮೇಶ, ಶಶಿ, ನನ್ನ ಚಿಕ್ಕ ಮಗ, ಅವನ ಹೆಂಡತಿ, ಅವರ ಎರಡು ಮಕ್ಕಳು. ಹೊರಗೆ ಮಳೆ ಹದವಾಗಿ ಬರುತ್ತಿತ್ತು. ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಶಶಿ ರೊಟ್ಟಿ ಮುರಿದು ಬಟ್ಟಲಿಗೆ ಹಾಕಿ, ಮೇಲೆ ಬಿಸಿ ಸಾರು ಸುರಿಯುತ್ತಾ ಬಂದಳು. ದೀಕ್ಷಾ ಸೌಟು ಹಿಡಿದು ಚಾಪೆಯ ತುದಿಯಲ್ಲಿ ನಿಂತಿದ್ದಳು. ಇದ್ದಕ್ಕಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಹೆಬ್ಬೆರಳನ್ನು ಕೆಳತುಟಿಗೆ ಒತ್ತಿಕೊಂಡು, ಮಾಷ್ಟ್ರ ಧ್ವನಿಯಲ್ಲಿ ಕರೆದಳು.

"ಗಿರಿಜ. ಮೂರನೆಯ ತರಗತಿ."

ಎಲ್ಲರೂ ನಕ್ಕರು. ಮತ್ತೆ ಸುಮ್ಮನಾದರು, ಮಕ್ಕಳು ಕೂಡ. ಅವಳು ನಿಜವಾಗಿಯೂ ಕಾಯುತ್ತಿದ್ದಳು. ನನ್ನ ಬಾಯಲ್ಲಿ ರೊಟ್ಟಿ ಇತ್ತು. ನುಂಗಿ, ಸೆರಗು ಸರಿಮಾಡಿ, ಕೂತಲ್ಲಿಂದಲೇ ಕೈ ಎತ್ತಿದೆ.

"ಹಾಜರ್," ಎಂದೆ.

"ಮತ್ತೆ?" ಎಂದಳು.

"ಮತ್ತೆ ಎಂತ? ಸ್ವಲ್ಪ ಸಾರು ಹಾಕು."